ಎಳ್ಳಿನ ಮೊದಲ ತಟ್ಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಳಬಾಗಿಲು ತಾಲ್ಲೂಕಿನ ನಮ್ಮೂರ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ತುರು ಬಿಡಿಸಲು ಹೋಗಿ ಮಡಿದವನದು. ಕೆಳಗೆ ದನಗಳು, ಬಿಲ್ಲು ಹಿಡಿದ ಆಳು. ಮೇಲೆ ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು. ಅದೇ ಕಾಳಗದಿಂದ ಜೀವಂತ ಮರಳಿ, ದನ ಹೊಡೆದುಕೊಂಡು ಬಂದವರೂ ಇದ್ದಿರಬೇಕಲ್ಲ? ಅವರಿಗೆ ಕಲ್ಲಿಲ್ಲ. ಮರುದಿನ ನೇಗಿಲು ಹಿಡಿದಿರಬೇಕು, ಪಾಪ.

ನಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದಾರೆ, ಊರಿಗೆಲ್ಲ ಮಿಲ್ಟ್ರಿ ತಾತ. ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ತರಬೇತಾದ ಸ್ಯಾಪರ್ (ಎಂಜಿನಿಯರ್ ದಳದ ಸೈನಿಕ), 1971ರಲ್ಲಿ ಪಶ್ಚಿಮ ಗಡಿಯಲ್ಲಿದ್ದವರು. ನಿವೃತ್ತಿಯಾದ ಮೇಲೆ ಬ್ಯಾಂಕೊಂದರ ಬಾಗಿಲಲ್ಲಿ ಜೋಡುನಳಿಗೆ ಕೋವಿ ಹಿಡಿದು ವರ್ಷಗಟ್ಟಲೆ ನಿಂತರು. ಜನ ಅವರನ್ನು ಮಾತಾಡಿಸುತ್ತಿದ್ದುದು ಪೆನ್ನು ಕೇಳುವುದಕ್ಕೆ.

ನಾನೇನು ಕಡಿಮೆ? ಮೇಷ್ಟ್ರಾಗಿ ಮೂವತ್ತು ವರ್ಷ ಡಿಸೆಂಬರ್ 16, 93,000 ಪಾಕ್ ಸೈನಿಕರ ಶರಣಾಗತಿ ಅಂತ ಒಂದು ಅಂಕದ ಪ್ರಶ್ನೆ ಮಾಡಿ ಉರು ಹೊಡೆಸಿದೆ. ನಾಲ್ಕು ಮನೆ ಆಚೆಗಿದ್ದ ಮನುಷ್ಯನನ್ನು ತರಗತಿಗೆ ಕರೆಯಲಿಲ್ಲ.

ಹೋದ ವರ್ಷ ಅವರೆ ಹೊಲದ ಬದುವಿನಲ್ಲಿ ಕೇಳಿಯೇಬಿಟ್ಟೆ, ಯುದ್ಧದಲ್ಲಿ ನಿಮ್ಮ ಕೆಲಸ ಏನಿತ್ತು ಅಂತ. ನೆಲದಲ್ಲಿ ಹೂತ ಬಾಂಬು, ಅಂದರೆ ಮೈನು, ಹುಡುಕುವುದನ್ನು ತೋರಿಸಲು ಒಂದು ಕಡ್ಡಿ ಮುರಿದುಕೊಂಡು ಕುಕ್ಕರಗಾಲಲ್ಲಿ ಕೂತರು. "ನೋಡಿ ಮೇಷ್ಟ್ರೆ, ನೆಟ್ಟಗೆ ಚುಚ್ಚಿದ್ರೆ ಮೈನಿನ ತಲೆ ಮ್ಯಾಲೆ ಒತ್ತು ಬೀಳ್ತದೆ, ಮುಗೀತು. ಹಿಂಗೆ ಓರೆಯಾಗಿ ಚುಚ್ಚಬೇಕು, ಮಗ್ಗುಲಿಗೆ ತಾಕಬೇಕು." ಚುಚ್ಚಿದರು, ತುಸು ಸರಿದರು, ಮತ್ತೆ ಚುಚ್ಚಿದರು. ಹಾಗೆ ಕತ್ತಲಲ್ಲಿ ದಾರಿ ಬಿಡಿಸಿದರೆ ಹಿಂದಿನಿಂದ ಟ್ಯಾಂಕು ಬರಬೇಕು. ತಾತನ ಹೆಂಡತಿ, ಅಜ್ಜಿಗೆ ಆಗ ಗೊತ್ತಿದ್ದದ್ದು ಇನ್ಲ್ಯಾಂಡ್ ಲೆಟರಿನ ಮೇಲಿನ 56 ಎಪಿಒ ಅನ್ನುವ ಸೇನಾ ಅಂಚೆಯ ವಿಳಾಸ ಮಾತ್ರ. ಅದು ಯಾವ ಊರು ಅಂತ ಯಾರೂ ಹೇಳುತ್ತಿರಲಿಲ್ಲವಂತೆ.

ಇಂಥವರಿಗೊಂದು ದಿನ ಬೇಡವೇ ಅಂದರೆ, ಇದೆ. ಜನವರಿ 14, ಮಾಜಿ ಸೈನಿಕರ ದಿನ. ನಮ್ಮ ಕೊಡಗಿನ ಕಾರ್ಯಪ್ಪನವರು, ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು, 1953ರಲ್ಲಿ ನಿವೃತ್ತರಾದ ದಿನ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕಾದರೂ ಶಾಲೆಗೆ ಡಬ್ಬಿ ಬರುತ್ತದೆ, ಚೀಟಿ ಅಂಗಿಗೇರುತ್ತದೆ. ಜನವರಿ 14 ಮಾತ್ರ ಹಳ್ಳಿಯಲ್ಲಿ ಸಂಕ್ರಾಂತಿಯ ಗದ್ದಲಕ್ಕೆ ಸಿಕ್ಕಿ ಕಳೆದುಹೋಗುತ್ತದೆ.

ಹಾಗಾದರೆ ಬೇರೆ ತಾರೀಕು ನೋಡೋಣ ಅನ್ನುತ್ತಾರೆ ಕೆಲವರು. ನಾನು ಒಪ್ಪುವುದಿಲ್ಲ. ಮಕ್ಕಳು ಹೇಗೂ ಹೊಸ ಬಟ್ಟೆ ಹಾಕಿಕೊಂಡು ಎಳ್ಳು ಬೀರಲು ಹೊರಡುತ್ತಾರೆ; ಮೊದಲ ತಟ್ಟೆ ಮಾಜಿ ಸೈನಿಕರ ಮನೆಗೆ ಹೋಗಲಿ. ಪಂಚಾಯಿತಿಯವರು ಊರೂರಿನ ಮಾಜಿ ಸೈನಿಕರ ಹೆಸರನ್ನು ಗೋಡೆಗೆ ಬರೆಸಲಿ. ಶಾಲು, ಹಾರ, ಮೈಕು ಬೇಡ. ಶಾಲು ಹೊದಿಸಿದವರ ಭಾಷಣ ಮುಗಿಯುವ ಹೊತ್ತಿಗೆ ಹೊದ್ದವರಿಗೆ ನಿದ್ದೆ ಬಂದಿರುತ್ತದೆ.

ಈ ಸಲ ಎದುರು ಮನೆಯ ಹುಡುಗಿ ತಟ್ಟೆ ಹಿಡಿದು ಹೋದಳು. "ತಾತ, ಮೈನು ಅಂದ್ರೇನು?" ಅಂದಳಂತೆ. ನಾನು ಹೋಗುವಷ್ಟರಲ್ಲಿ ತಾತ ಬಾಯಲ್ಲಿ ಎಳ್ಳು ಜಗಿಯುತ್ತಾ, ಅಂಗಳದಲ್ಲಿ ಕಡ್ಡಿ ಹುಡುಕುತ್ತಿದ್ದರು.

ನಮಸ್ಕಾರ.