ಕೋಣಗಳು ಎಳೆದು ತಂದ ಕಲ್ಲು

ನಮಸ್ಕಾರ. ರಾಯಚೂರಿನ ಬಸ್ ನಿಲ್ದಾಣದಲ್ಲಿ ಇಳಿದವರು ಕೋಟೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೂ ಈ ಕೋಟೆಯನ್ನು ನಾನು ಮರೆತುಹೋದ ಕೋಟೆಯೆಂದೇ ಕರೆಯುತ್ತೇನೆ. ಕಾಡು ಬೆಳೆದು ಮುಚ್ಚಿಹೋದದ್ದನ್ನು ಮರೆಯುವುದು ಸಹಜ. ದಿನವೂ ಅದರ ಮಗ್ಗುಲಲ್ಲೇ ನಡೆದು, ಅದರ ಬಾಗಿಲಲ್ಲೇ ಸೈಕಲ್ ನಿಲ್ಲಿಸಿ, ಅದರ ಗೋಡೆಗೇ ಬೆನ್ನು ಕೊಟ್ಟು ಚಹಾ ಕುಡಿಯುತ್ತ ಮರೆಯುವುದು ಬೇರೆಯೇ ಬಗೆಯ ಮರೆವು. ಇಂದಿನ ನನ್ನ ಮಾತು ಆ ಎರಡನೆಯ ಬಗೆಯ ಮರೆವನ್ನು ಕುರಿತದ್ದು.

ಮೊದಲು ಒಂದು ಕಲ್ಲನ್ನು ನಿಮಗೆ ಪರಿಚಯಿಸಬೇಕು. ರಾಯಚೂರಿಗೆ ಎರಡು ಸುತ್ತಿನ ಕೋಟೆ ಇದೆ. ಹೊರಸುತ್ತು ಒರಟು ಕಲ್ಲಿನದು. ಒಳಸುತ್ತಿನಲ್ಲಿ ಚೆನ್ನಾಗಿ ಕೆತ್ತಿದ ಭಾರೀ ಕಲ್ಲುಗಳನ್ನು ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಕೂಡಿಸಿ ಏರಿಸಿದ್ದಾರೆ. ಆ ಒಳಸುತ್ತಿನ ಪಶ್ಚಿಮದ ಗೋಡೆಯಲ್ಲಿ ಒಂದೇ ಬಂಡೆಯ ಉದ್ದನೆಯ ಹಾಸು ಇದೆ. ಅದರ ಉದ್ದ 41 ಅಡಿ 3 ಅಂಗುಲ, ಅಂದರೆ ಹನ್ನೆರಡೂವರೆ ಮೀಟರಿಗಿಂತ ತುಸು ಹೆಚ್ಚು. ಅದರ ಮೇಲೆ ತೆಲುಗಿನ ಶಾಸನವಿದೆ. ಶಕ ವರ್ಷ 1216ರ, ಅಂದರೆ ಕ್ರಿ.ಶ. 1294ರ ಆ ಶಾಸನವು, ಕಾಕತೀಯರ ಅಧೀನನಾದ ಗೋರೆ ಗಂಗಯ್ಯ ರೆಡ್ಡಿಯ ಸೇನಾನಿ ವಿಠ್ಠಲನಾಥನು ಆದವಾನಿ, ತುಂಬಳ, ಮಾನ್ವಿ, ಹಾಲುವೆಗಳ ಕೋಟೆಗಳನ್ನು ಗೆದ್ದು ರಾಯಚೂರಿಗೆ ಬಂದು ಈ ಕೋಟೆಯನ್ನು ಕಟ್ಟಿಸಿದನೆಂದು ಹೇಳುತ್ತದೆ.

ಇಷ್ಟೇ ಆಗಿದ್ದರೆ ನಾನು ಈ ಮಾತು ಎತ್ತುತ್ತಿರಲಿಲ್ಲ. ಗೆದ್ದವರು ಕಲ್ಲಿನ ಮೇಲೆ ಹೆಸರು ಬರೆಸುವುದು ನಮ್ಮ ನಾಡಿನಲ್ಲಿ ಹೊಸದೇನಲ್ಲ. ಆದರೆ ಅಲ್ಲಿ ಕೊರೆದಿರುವ ಒಂದು ಗೆರೆಚಿತ್ರ ನನ್ನನ್ನು ಬಹಳ ಹೊತ್ತು ನಿಲ್ಲಿಸಿಬಿಟ್ಟಿತು. ಅದರಲ್ಲಿ ರಾಜನಿಲ್ಲ, ಕತ್ತಿಯಿಲ್ಲ, ದೇವರೂ ಇಲ್ಲ. ಇದೇ ಉದ್ದನೆಯ ಕಲ್ಲನ್ನು ಒಂದು ಬಂಡಿಯ ಮೇಲೆ ಹೇರಲಾಗಿದೆ. ಬಂಡಿಯ ಗಾಲಿಗಳಿಗೆ ಅರೆಕಾಲುಗಳಿಲ್ಲ. ತೇರಿನ ಗಾಲಿಗಳಂತೆ ತುಂಬು ಮರದವು. ಮುಂದೆ ಕೋಣಗಳ ಉದ್ದನೆಯ ಸಾಲು, ಅವುಗಳನ್ನು ಹೊಡೆಯುವ ಆಳುಗಳು, ಹಿಂದೆ ಗಾಲಿಯ ಬುಡಕ್ಕೆ ಸನ್ನೆಗೋಲು ಹಾಕಿ ಮೀಟುತ್ತಿರುವ ಜನ. ನಮ್ಮೂರುಗಳಲ್ಲಿ ತೇರು ಎಳೆಯುವುದನ್ನು ಕಂಡವರಿಗೆ ಈ ಚಿತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಗ್ಗ ಹಿಡಿದವರು ನೂರಾರು ಜನರಿದ್ದರೂ, ನಿಂತ ತೇರನ್ನು ಮೊದಲ ಗೇಣು ಕದಲಿಸುವವರು ಗಾಲಿಯ ಹಿಂದೆ ಬಗ್ಗಿ ನಿಂತ ಆ ನಾಲ್ಕೈದು ಮಂದಿಯೇ. ಏಳುನೂರು ವರ್ಷಗಳ ಹಿಂದೆ ಆ ಬಗ್ಗಿದ ಬೆನ್ನುಗಳನ್ನು ಗಮನಿಸಿ ಕಲ್ಲಿನಲ್ಲಿ ಉಳಿಸಬೇಕೆಂದು ಯಾರಿಗೋ ಅನ್ನಿಸಿತಲ್ಲ, ನನಗೆ ಅದು ಶಾಸನದ ಅಕ್ಷರಗಳಿಗಿಂತಲೂ ದೊಡ್ಡ ಸಂಗತಿ. ಕೋಟೆಗಳನ್ನು ಕಟ್ಟಿಸಿದವರ ಹೆಸರು ಎಲ್ಲೆಡೆಯೂ ಸಿಗುತ್ತದೆ. ಕಲ್ಲು ಹೇಗೆ ಬಂತೆಂಬುದನ್ನು ಕಲ್ಲೇ ಹೇಳುವ ಕೋಟೆ ಮತ್ತೊಂದನ್ನು ನಾನಂತೂ ಕಂಡಿಲ್ಲ.

ಹೀಗಿದ್ದೂ ಈ ಕೋಟೆ ನಮ್ಮ ನೆನಪಿನಿಂದ ಜಾರಿದ್ದೇಕೆ? ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ: ರಾಯಚೂರು ಕೋಟೆಗೆ ಒಬ್ಬ ಮನೆಯವನಿಲ್ಲ. ಚಿತ್ರದುರ್ಗವೆಂದ ಕೂಡಲೇ ಮದಕರಿ ನಾಯಕ ಬರುತ್ತಾನೆ, ಒನಕೆ ಓಬವ್ವ ಬರುತ್ತಾಳೆ, ಕಿತ್ತೂರೆಂದರೆ ಚೆನ್ನಮ್ಮ. ಆ ಹೆಸರುಗಳ ಬೆನ್ನು ಹಿಡಿದು ಜನ ಬರುತ್ತಾರೆ. ರಾಯಚೂರಿನಲ್ಲಾದರೋ ಗೋಡೆ ಕಾಕತೀಯರದು, ಶಾಸನ ತೆಲುಗಿನದು, ಬಾಗಿಲುಗಳ ಮೇಲಿನ ಬರಹ ಪಾರ್ಸಿಯದು, ನವರಂಗಿ ದರ್ವಾಜಾದ ಉಬ್ಬುಶಿಲ್ಪಗಳು ವಿಜಯನಗರದ ಕೈಯವು. ಊರೊಳಗಿನ ಒಂಟಿ ಮಿನಾರಿನ ಮಸೀದಿ 1513ರದು, ಬಹಮನಿಗಳ ಕಾಲದ್ದು. ಇಷ್ಟೆಲ್ಲದರ ನಡುವೆ ಆಡುವ ಮಾತು ಕನ್ನಡ, ಅದೂ ಉರ್ದು ತೆಲುಗುಗಳ ಜೊತೆ ಒಂದೇ ಓಣಿಯಲ್ಲಿ ಬೆಳೆದ ಕನ್ನಡ. ಬಾಗಿಲುಗಳ ಹೆಸರುಗಳನ್ನೇ ಕೇಳಿ ನೋಡಿ: ಮೆಕ್ಕಾ ದರ್ವಾಜಾ, ನವರಂಗಿ ದರ್ವಾಜಾ, ಕಾಟಿ ದರ್ವಾಜಾ, ಖಂದಕ ದರ್ವಾಜಾ, ದೊಡ್ಡಿ ದರ್ವಾಜಾ. ದನದ ದೊಡ್ಡಿಗೂ ದರ್ವಾಜಾಕ್ಕೂ ಇಷ್ಟು ಸಲೀಸಾಗಿ ಗಂಟು ಹಾಕಬಲ್ಲ ಊರನ್ನು ಯಾವ ಒಂದು ವಂಶದ ಖಾತೆಗೂ ಬರೆದುಕೊಳ್ಳಲು ಬರುವುದಿಲ್ಲ. ಎಲ್ಲರದೂ ಆದದ್ದನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ ಎಂಬುದು ಊರ ಬಾವಿಯ ವಿಷಯದಲ್ಲಿ ನಮಗೆಲ್ಲ ಗೊತ್ತಿರುವುದೇ. ಕೋಟೆಯ ವಿಷಯದಲ್ಲೂ ಹಾಗೆಯೇ ಆಗಿದೆ.

ಹಿಂದೆ ಎಲ್ಲರಿಗೂ ಇದು ಬೇಕಾಗಿತ್ತು ಎಂಬುದೇ ವಿಚಿತ್ರ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ಭಾಗವನ್ನು ನಮ್ಮ ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಇದಕ್ಕಿಂತ ಅಚ್ಚುಕಟ್ಟಾದ ಹೆಸರು ಬೇಕಾಗಿರಲಿಲ್ಲ. ನಾವೋ ಅದನ್ನು ಕೈಬಿಟ್ಟು ದೋಆಬ್ ಎಂಬುದನ್ನು ಪಠ್ಯಪುಸ್ತಕಕ್ಕೆ ಹಾಕಿಕೊಂಡೆವು, ಇರಲಿ. ಬಹಮನಿಗಳು, ವಿಜಯನಗರದವರು, ಬಿಜಾಪುರದ ಆದಿಲಶಾಹಿಗಳು ತಲೆಮಾರುಗಟ್ಟಲೆ ಇದಕ್ಕಾಗಿ ಹೊಡೆದಾಡಿದರು. ಮೊಘಲರ ನಂತರ ಅದು ನಿಜಾಮರಿಗೆ ಸೇರಿತು. 1853ರಲ್ಲಿ ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿತು.

ಈ ಕಾದಾಟಗಳಲ್ಲಿ ಪಠ್ಯಪುಸ್ತಕ ನೆನಪಿಟ್ಟುಕೊಂಡಿರುವುದು 1520ರದನ್ನು. ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರನ್ನು ಹಿಡಿದ ಆ ಪ್ರಸಂಗವನ್ನು ಪೋರ್ಚುಗೀಸನಾದ ಫೆರ್ನಾವ್ ನುನೀಜ್ ವಿಸ್ತಾರವಾಗಿ ಬರೆದಿದ್ದಾನೆ. ಅವನು ಹೇಳುವ ಸೈನ್ಯದ ಸಂಖ್ಯೆ ಏಳು ಲಕ್ಷವನ್ನು ದಾಟುತ್ತದೆ. ಅಷ್ಟು ಜನರಿಗೆ ರೊಟ್ಟಿ ತಟ್ಟಲು ಎಷ್ಟು ಒಲೆ ಬೇಕೆಂದು ಲೆಕ್ಕ ಹಾಕಿದರೆ ನನಗೆ ಅದನ್ನು ನಂಬುವ ಧೈರ್ಯ ಬರುವುದಿಲ್ಲ. ಆದರೆ ಅವನು ಕೋಟೆಯನ್ನು ವರ್ಣಿಸುವಾಗ ಮಾತು ಗಟ್ಟಿಯಾಗುತ್ತದೆ. ಗೋಡೆಗಳಲ್ಲಿ ಸುಣ್ಣವಿಲ್ಲ, ಒಳಗೆ ಮಣ್ಣು ತುಂಬಿದ್ದಾರೆ ಎನ್ನುತ್ತಾನೆ. ಒಂದು ಕೊತ್ತಲದಲ್ಲಿ ಆಡಿದ ಮಾತು ಇನ್ನೊಂದಕ್ಕೆ ಕೇಳಿಸುವಷ್ಟು ಅವು ಹತ್ತಿರ ಹತ್ತಿರ ಇದ್ದವಂತೆ. ಬೆಟ್ಟದ ನೆತ್ತಿಯಲ್ಲಿ ವರ್ಷವಿಡೀ ಬತ್ತದ ಒಂದು ನೀರಿನ ಸೆಲೆ ಇತ್ತು, ಅಷ್ಟು ಎತ್ತರದಲ್ಲಿ ನೀರಿರುವುದನ್ನು ಜನ ದೈವಿಕವೆಂದು ಭಾವಿಸಿದ್ದರು ಎಂದೂ ಬರೆಯುತ್ತಾನೆ.

ಅದೇ ಬರಹದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ನೋಡಿಲ್ಲ. ಮುತ್ತಿಗೆಯ ಸಮಯದಲ್ಲಿ ರಾಯನ ನಾಯಕರು ಗೋಡೆಯಿಂದ ಕಿತ್ತು ತಂದ ಕಲ್ಲುಗಳನ್ನು ತಮ್ಮ ಸೈನಿಕರಿಂದ ಹಣ ಕೊಟ್ಟು ಕೊಳ್ಳತೊಡಗಿದರು. ಕಲ್ಲು ಚಿಕ್ಕದಾದರೆ ಹತ್ತು ಪಣ, ದೊಡ್ಡದಾದಂತೆ ಇಪ್ಪತ್ತು, ಮೂವತ್ತು, ಕೊನೆಗೆ ಐವತ್ತು ಪಣದವರೆಗೆ. ಮೇಲಿನಿಂದ ಗುಂಡು ಬಾಣಗಳು ಸುರಿಯುತ್ತಿರುವಾಗ ಹಾರೆ ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ಹೋದವರು ಕೀರ್ತಿಗಾಗಿ ಹೋದರೆಂದು ನಾವು ಎಷ್ಟೇ ಹಾಡಿಕೊಂಡರೂ, ಅವರು ಹೋದದ್ದು ಕೂಲಿಗಾಗಿ ಮತ್ತು ಆ ಕೂಲಿಗೆ ಕಲ್ಲಿನ ಅಳತೆಯೇ ಅಳತೆಯಾಗಿತ್ತು. 1294ರಲ್ಲಿ ಸನ್ನೆಗೋಲಿನಿಂದ ಕಲ್ಲನ್ನು ಏರಿಸಿದವನೂ, 1520ರಲ್ಲಿ ಹಾರೆಯಿಂದ ಕಲ್ಲನ್ನು ಕಿತ್ತವನೂ ಬಹುಶಃ ಒಂದೇ ಬಗೆಯ ಮನೆಯಿಂದ ಬಂದವರು. ಕೋಟೆಯ ಇತಿಹಾಸವನ್ನು ಈ ಇಬ್ಬರ ಕಡೆಯಿಂದ ಹೇಳಿದರೆ ಅದಕ್ಕೆ ವಂಶದ ಹಂಗು ಬೇಕಾಗುವುದಿಲ್ಲ.

ಆದ್ದರಿಂದಲೇ ಪಾರಂಪರಿಕ ತಾಣದ ಹೆಸರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಬೇಡಿಕೆಗಳಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಬಣ್ಣದ ದೀಪ, ಕಾರಂಜಿ, ಸಿಮೆಂಟಿನ ಆನೆ ಇವುಗಳಿಂದ ಕೋಟೆ ನೆನಪಾಗುವುದಿಲ್ಲ. ಭಾನುವಾರದ ಫೋಟೋ ಆಗುತ್ತದೆ, ಅಷ್ಟೆ. ಗೋಡೆಗೆ ಒತ್ತಿಕೊಂಡು ಮನೆ ಕಟ್ಟಿಕೊಂಡವರನ್ನೆಲ್ಲ ರಾತ್ರೋರಾತ್ರಿ ಎಬ್ಬಿಸಬೇಕೆಂಬ ಕೂಗಿಗೂ ನನ್ನ ಸಹಮತವಿಲ್ಲ, ಏಕೆಂದರೆ ಜನ ಬಿಟ್ಟುಹೋದ ಕೋಟೆಗಳ ಗತಿ ಏನಾಗಿದೆ ಎಂಬುದನ್ನು ಇದೇ ಸೀಮೆಯಲ್ಲಿ ಹಳ್ಳಿಗೊಂದರಂತೆ ನೋಡಬಹುದು. ನಾನು ಕೇಳುವುದು ಬಹಳ ಚಿಕ್ಕದು. ಆ ಉದ್ದನೆಯ ಕಲ್ಲಿನ ಬಳಿಗೆ ಮುಳ್ಳು ತುಳಿಯದೆ ಹೋಗುವಂತಹ ಒಂದು ಕಾಲುದಾರಿ ಬೇಕು. ಶಾಸನದಲ್ಲಿ ಏನಿದೆ ಎಂಬುದನ್ನು ತಿಳಿಗನ್ನಡದಲ್ಲಿ, ಪಕ್ಕದಲ್ಲೇ ತೆಲುಗು ಮತ್ತು ಉರ್ದುವಿನಲ್ಲಿ ಬರೆದ ಒಂದು ಫಲಕ ಬೇಕು. ಚಿತ್ರದ ಒಂದೊಂದು ಗೆರೆಯೂ ಮಾಸುವ ಮೊದಲು ಅದರ ಸರಿಯಾದ ಪಡಿಯಚ್ಚನ್ನು ತೆಗೆದು ಊರಿನ ಪ್ರತಿ ಶಾಲೆಯ ಗೋಡೆಯ ಮೇಲೆ ಹಾಕಬೇಕು. ಹೆಸರಾಂತ ಸ್ಮಾರಕವೊಂದರ ಒಂದು ಸಂಜೆಯ ದೀಪಾಲಂಕಾರಕ್ಕೆ ತಗಲುವಷ್ಟೂ ಇದಕ್ಕೆ ತಗಲುವುದಿಲ್ಲವೆಂದು ನನ್ನ ಅಂದಾಜು.

ಕೊನೆಯ ಬಾರಿ ಹೋದಾಗ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಅಂತಹ ಬಿಸಿಲಿನಲ್ಲಿ ಗೆರೆಗಳು ಕಲ್ಲಿನೊಳಗೇ ಅಡಗಿಕೊಳ್ಳುತ್ತವೆ. ನಾನು ಅಂಗೈಯಿಂದ ನೆರಳು ಮಾಡಿ ಹುಡುಕುತ್ತಿದ್ದುದನ್ನು ಕಂಡು, ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಏನ್ ಹುಡುಕಾಕತ್ತಿ ತಮ್ಮಾ?" ಎಂದರು. ಎಮ್ಮೆಗಳ ಚಿತ್ರವಿದೆಯಲ್ಲ, ಅದನ್ನು ನೋಡುತ್ತಿದ್ದೇನೆ ಎಂದೆ. ಅವರು ನಕ್ಕು, "ಸಂಜೀಮುಂದ ಬಾ, ಬಿಸಿಲು ಅಡ್ಡ ಬಿದ್ದಾಗ ಒಂದೊಂದಾಗಿ ಎದ್ದು ಬರ್ತಾವ" ಎಂದು ತೋರುಬೆರಳಿನಿಂದ ಒಂದು ಕೊಂಬಿನ ಗೆರೆಯ ಮೇಲೆ ಎಳೆಯುತ್ತ ಹೋದರು. ಆಮೇಲೆ, ಶಾಲೆಯ ಹುಡುಗನ ತಪ್ಪು ತಿದ್ದುವ ಧಾಟಿಯಲ್ಲಿ, "ಮತ್ತ ಇವು ಎಮ್ಮಿ ಅಲ್ಲ, ಕೋಣ" ಎಂದರು.