ಮಡಚಿಕೊಂಡ ಎಳೆ

ಕೇಳುಗರಿಗೆ ನಮಸ್ಕಾರ.

ಹತ್ತಿರದಲ್ಲಿ ಉದ್ದನೆಯ ಕಾಗದದ ಪಟ್ಟಿ ಇದ್ದರೆ ಕೈಗೆತ್ತಿಕೊಳ್ಳಿ. ಇಲ್ಲದಿದ್ದರೆ ಮನಸ್ಸಿನಲ್ಲೇ ಡಿಎನ್‌ಎಯ ಮೂರು ಅಕ್ಷರಗಳನ್ನು ಬರೆದುಕೊಳ್ಳಿ: ಸಿ ಎ ಜಿ, ಸಿ ಎ ಜಿ, ಸಿ ಎ ಜಿ... ಹೀಗೇ ಉದ್ದಕ್ಕೂ. ನಡುವೆ ಎಲ್ಲಾದರೂ ಒಂದು ಜಿ ಮುಗಿದ ಕಡೆ ಪಟ್ಟಿಯನ್ನು ಮಡಚಿ, ಎರಡು ಬದಿಗಳನ್ನೂ ಎದುರುಬದುರು ತನ್ನಿ. ಸಿ ಎದುರಿಗೆ ಜಿ ಬಂತು, ಜಿ ಎದುರಿಗೆ ಸಿ ಬಂತು. ಇವು ಡಿಎನ್‌ಎಯ ಸಹಜ ಜೋಡಿಗಳು. ಎ ಎದುರಿಗೆ ಮಾತ್ರ ಎ ನಿಂತಿದೆ, ಅದು ಹೊಂದುವುದಿಲ್ಲ. ಆದರೂ ಮೂರರಲ್ಲಿ ಎರಡು ಕೂಡಿಕೊಂಡರೆ ಮಡಿಕೆ ನಿಲ್ಲುತ್ತದೆ. ಇದನ್ನು ಹೇರ್‌ಪಿನ್ ಎನ್ನುತ್ತಾರೆ.

ಡಿಎನ್‌ಎ ಎಂದೊಡನೆ ನಮಗೆ ನೆನಪಾಗುವುದು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿಕೊಟ್ಟ ಎರಡೆಳೆಯ ಸುರುಳಿ. ಆದರೆ ನಕಲಾಗುವಾಗ, ಓದಿಸಿಕೊಳ್ಳುವಾಗ ಆ ಎಳೆಗಳು ಬೇರ್ಪಡಲೇಬೇಕು. ಒಂದೇ ಪದವನ್ನು ಮತ್ತೆ ಮತ್ತೆ ಹೇಳುವ ಎಳೆ ಆ ಹೊತ್ತಿನಲ್ಲಿ ಜೊತೆಗಾರನಿಗಾಗಿ ಕಾಯುವುದಿಲ್ಲ, ತನ್ನೊಳಗೇ ಜೋಡಿ ಹುಡುಕಿಕೊಳ್ಳುತ್ತದೆ.

ಹಂಟಿಂಗ್ಟನ್ ಕಾಯಿಲೆಯ ಮೂಲ ಇಂಥದೇ ಒಂದು ಪಟ್ಟಿ. ಅದರ ಜೀನ್ ನಾಲ್ಕನೇ ವರ್ಣತಂತುವಿನಲ್ಲಿದೆ, ಗುರುತಿಸಿದ್ದು 1993ರಲ್ಲಿ. ಸಿಎಜಿ 35 ಸಲದವರೆಗೆ ಬಂದರೆ ಕಾಯಿಲೆಯಿಲ್ಲ. 36ರಿಂದ 39 ಇದ್ದರೆ ಬರಬಹುದು, ಬಾರದೆಯೂ ಇರಬಹುದು. 40 ಮುಟ್ಟಿದರೆ, ಸಾಮಾನ್ಯ ಆಯುಸ್ಸು ಬದುಕಿದವರಿಗೆ ಅದು ಬಂದೇ ಬರುತ್ತದೆ. ಕೈಕಾಲು ಹಿಡಿತ ತಪ್ಪುತ್ತವೆ, ಮನಸ್ಸು ಕದಡುತ್ತದೆ, ನರಕೋಶಗಳು ಸಾಯುತ್ತವೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂದು ವರ್ಷಗಟ್ಟಲೆ ತೊಳಲಾಡುವ ಮಕ್ಕಳ ಸಂಕಟಕ್ಕೆ ಅಂಕಿಯಲ್ಲಿ ಅಳತೆಯಿಲ್ಲ.

ಪಟ್ಟಿ ಉದ್ದವಾಗುವ ಬಗೆ ಹೇಗೆ? ನನ್ನನ್ನು ಬಹಳ ಕಾಡುವ ಸಂಗತಿ ಇದೇ. ಜೀವಕೋಶದಲ್ಲಿ ಡಿಎನ್‌ಎಯ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳಿವೆ. ಎಂಎಸ್‌ಎಚ್2, ಎಂಎಸ್‌ಎಚ್3 ಎಂಬ ಜೋಡಿ ಮಡಚಿಕೊಂಡ ಎಳೆಯ ಉಬ್ಬನ್ನು ಕಂಡು ಹಿಡಿದುಕೊಳ್ಳುತ್ತದೆ. ದುರಸ್ತಿ ಶುರುವಾಗುತ್ತದೆ, ಮುಗಿಯುವಷ್ಟರಲ್ಲಿ ಮಡಿಕೆಯಲ್ಲಿದ್ದ ಹೆಚ್ಚುವರಿ ಅಕ್ಷರಗಳು ಎಳೆಯಲ್ಲೇ ಸೇರಿಹೋಗಿರುತ್ತವೆ. ಕಾಪಾಡಲೆಂದು ಇರುವ ಕೈಯೇ ಇಲ್ಲಿ ಕೇಡು ಮಾಡುತ್ತಿದೆ. ಮಿದುಳಿನ ಕೆಲವು ಕೋಶಗಳಲ್ಲಿ ಇದು ಬದುಕಿನುದ್ದಕ್ಕೂ ನಡೆಯುತ್ತದೆ. ಹುಟ್ಟಿನಿಂದಲೇ ಎಂಎಸ್‌ಎಚ್3 ಚಟುವಟಿಕೆ ಕಡಿಮೆ ಇರುವವರಲ್ಲಿ ಕಾಯಿಲೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಆ ಪ್ರೋಟೀನನ್ನೇ ತಗ್ಗಿಸುವ ಔಷಧಿಗಾಗಿ ಸಂಶೋಧಕರು ದುಡಿಯುತ್ತಿರುವುದು ಅದಕ್ಕೇ.

ಬೇರೆ ಅಕ್ಷರಗಳು ಬೇರೆ ರೂಪ ತಾಳುತ್ತವೆ. ನಡಿಗೆಯ ಹಿಡಿತ ತಪ್ಪಿಸುವ ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ಕಾಯಿಲೆಯಲ್ಲಿ ಜಿಎಎ ಸಾಲು ಮೂರೆಳೆಯ ಗಂಟಾಗಬಲ್ಲದು. ಅಲ್ಲಿ ಜೀನಿನ ಓದು ಎಡವಿ, ನರಗಳಿಗೂ ಹೃದಯಕ್ಕೂ ಬೇಕಾದ ಫ್ರಟಾಕ್ಸಿನ್ ಎಂಬ ಪ್ರೋಟೀನು ಕಡಿಮೆಯಾಗುತ್ತದೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯ ಕೆಲವು ಕುಟುಂಬಗಳಲ್ಲಿ ಜಿ ತುಂಬಿದ ಸಾಲೊಂದು ಬೆಳೆದಿರುವುದು 2011ರಲ್ಲಿ ತಿಳಿಯಿತು. ನಾಲ್ಕು ನಾಲ್ಕು ಜಿ ಚೌಕವಾಗಿ ಕೂತು, ಚೌಕದ ಮೇಲೆ ಚೌಕ ಪೇರಿಸಿಕೊಳ್ಳುತ್ತವೆ. ನಡುವಿನ ಟೊಳ್ಳಿನಲ್ಲಿ ಕೂತ ಪೊಟ್ಯಾಸಿಯಂ ಅವನ್ನು ಭದ್ರವಾಗಿ ಹಿಡಿದಿಡುತ್ತದೆ.

ಈಗ ಮತ್ತೆ ನಿಮ್ಮ ಪಟ್ಟಿಗೆ ಬನ್ನಿ. ಒಂದು ಕಡೆ ಸಿಎಜಿ ಅಳಿಸಿ ಸಿಎಎ ಎಂದು ಬರೆಯಿರಿ. ಪ್ರೋಟೀನಿನ ಮಟ್ಟಿಗೆ ಎರಡರ ಅರ್ಥವೂ ಒಂದೇ, ಗ್ಲುಟಮಿನ್ ಎಂಬ ಅಮೈನೊ ಆಮ್ಲ, ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲೊಂದು. ಆದರೆ ಮಡಚಿದಾಗ ಅಲ್ಲಿ ಸಿ ಎದುರಿಗೆ ಜಿ ಸಿಗುವುದಿಲ್ಲ, ಮಡಿಕೆ ಸಡಿಲವಾಗುತ್ತದೆ. ಹಂಟಿಂಗ್ಟನ್ ಜೀನಿನ ಸಾಲಿನ ತುದಿಯಲ್ಲಿ ಬಹುತೇಕ ಜನರಿಗೆ ಇಂಥದೊಂದು ಸಿಎಎ ಇರುತ್ತದೆ. ಅದು ಇಲ್ಲದವರಲ್ಲಿ, ಪ್ರೋಟೀನಿನ ಗ್ಲುಟಮಿನ್ ಸಂಖ್ಯೆ ಅಷ್ಟೇ ಇದ್ದರೂ, ಕಾಯಿಲೆ ವರ್ಷಗಳಷ್ಟು ಮೊದಲೇ ಶುರುವಾಗುತ್ತದೆ.

ನಮಸ್ಕಾರ.