ಎಣ್ಣೆ ಹಾಕಿದ್ರೂ ಕ್ರಾಸ್ ಸ್ಲೈಡ್ ಯಾಕೆ ಹಾರುತ್ತೆ?

ಲೇತ್‌ನಲ್ಲಿ ಟೂಲನ್ನ ಜಾಬ್, ಅಂದ್ರೆ ಕಡೆಯೋ ತುಂಡಿನ ಕಡೆಗೆ ಒಯ್ಯೋ ಜಾರುಭಾಗವೇ ಕ್ರಾಸ್ ಸ್ಲೈಡ್. ಅದು ಎಷ್ಟು ಸರಿದಿದೆ ಅಂತ ಅಳೆಯೋ ಡಯಲ್ ಗೇಜ್ ಸೂಜಿ ನೋಡ್ತಾ ಇರಿ. ಹ್ಯಾಂಡ್‌ವೀಲ್ ಒಂದು ಗೆರೆ ತಿರುಗಿತು, ಸೂಜಿ ಅಲ್ಲೇ ಇದೆ. ಎರಡನೇ ಗೆರೆ, ಇನ್ನೂ ಅಲ್ಲೇ. ಮೂರನೆಯದಕ್ಕೆ ಟಕ್ ಅಂತ ಮೂರೂ ಒಟ್ಟಿಗೆ ಹಾರಿತು. ಕೊನೆಯ 20 ಮೈಕ್ರಾನ್ ತೆಗೆಯೋಕೆ ಹೋದಾಗ ಜಾಬ್ ಅಂಡರ್‌ಸೈಜ್ ಆಗೋದು ಹೀಗೇ.

ಬ್ಯಾಕ್‌ಲ್ಯಾಶ್, ಅಂದ್ರೆ ಸ್ಕ್ರೂ-ನಟ್ ನಡುವಿನ ಸಡಿಲ ಅಂತೀರೇನೋ. ಅದು ದಿಕ್ಕು ಬದಲಿಸಿದಾಗ ಮಾತ್ರ ಕಾಣುತ್ತೆ. ಇಲ್ಲಿ ಒಂದೇ ದಿಕ್ಕಿಗೆ ತಿರುಗಿಸ್ತಿದ್ರೂ ಹಾರ್ತಿದೆ. ಇದು ಸ್ಟಿಕ್-ಸ್ಲಿಪ್, ಕಚ್ಚಿ ನಿಂತು ಆಮೇಲೆ ಜಿಗಿಯೋದು.

ಸ್ಲೈಡ್ ನಿಂತಾಗ ಅದರ ಭಾರಕ್ಕೆ ಎಣ್ಣೆ ಹಿಂಡಿ ಹೋಗುತ್ತೆ, ಬೀಡುಕಬ್ಬಿಣದ ಮೈಯ ಏರುತಗ್ಗುಗಳು ಒಂದಕ್ಕೊಂದು ಕಚ್ಕೊಳ್ತವೆ. ನಾವು ತಿರುಗಿಸಿದ್ದೆಲ್ಲ ಸ್ಕ್ರೂ, ನಟ್, ಬೇರಿಂಗ್‌ಗಳಲ್ಲಿ ಸ್ಪ್ರಿಂಗ್ ಸುತ್ತಿದ ಹಾಗೆ ಕೂತಿರುತ್ತೆ. ಕಚ್ಚು ಬಿಟ್ಟ ಕೂಡಲೇ ಘರ್ಷಣೆ ಇಳಿಯುತ್ತೆ, ಸ್ಲೈಡ್ ಜಿಗಿಯುತ್ತೆ, ಸ್ಪ್ರಿಂಗ್ ಸಡಿಲಾಗಿ ಮತ್ತೆ ಕಚ್ಚುತ್ತೆ. ಅದೇ ಜೋರಾಗಿ ತಿರುಗಿಸಿ, ಬೆಣ್ಣೆ ಥರ ಹೋಗುತ್ತೆ. ವೇಗಕ್ಕೆ ಎಣ್ಣೆ ಪದರ ಸ್ಲೈಡನ್ನ ಎತ್ತಿ ಹಿಡಿದಿರುತ್ತೆ. ವೇಗ ಏರಿದಂತೆ ಘರ್ಷಣೆ ಮೊದಲು ಇಳಿದು ಆಮೇಲೆ ಏರುತ್ತೆ ಅಂತ ಜರ್ಮನಿಯ ರಿಚರ್ಡ್ ಸ್ಟ್ರೀಬೆಕ್ ಬೇರಿಂಗ್‌ಗಳಲ್ಲಿ ಅಳೆದು 1902ರಲ್ಲೇ ಪ್ರಕಟಿಸಿದ್ದರು. ನಮ್ಮ ತೊಂದರೆ ಇರೋದು ಆ ಇಳಿಜಾರಿನಲ್ಲಿ.

ಈಗ ಎಣ್ಣೆ ಡಬ್ಬಿ ತಿರುಗಿಸಿ ಓದಿ. ಹೈಡ್ರಾಲಿಕ್ 68, ಸ್ಲೈಡ್‌ವೇ 68, ನಂಬರ್ ಒಂದೇ ಅಲ್ವಾ ಅಂತ ಮೊದಲನೆಯದನ್ನೇ ಸುರಿಯೋದು ಮಾಮೂಲು. 68 ಅಂದ್ರೆ 40 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಮಂದ ಅನ್ನೋದಷ್ಟೇ. ಸ್ಲೈಡ್‌ವೇ ಆಯಿಲ್‌ನಲ್ಲಿ ಲೋಹಕ್ಕೆ ಅಂಟಿ ಕೂರುವ ಸೇರ್ಪಡೆಗಳಿರ್ತವೆ. ಹೊರಡುವಾಗಿನ ಘರ್ಷಣೆಯನ್ನ ಚಲಿಸುವಾಗಿನದರ ಹತ್ತಿರಕ್ಕೆ ಇಳಿಸೋದು ಅವೇ. ತಪ್ಪು ಎಣ್ಣೆ ಎಷ್ಟು ಸುರಿದ್ರೂ ಆ ಗುಣ ಬರಲ್ಲ. ದಾವಣಗೆರೆ ಬೇಸಿಗೆಯಲ್ಲಿ ಬೆಳಿಗ್ಗೆ ಸರಿಯಿದ್ದ ಸ್ಲೈಡ್ ಮಧ್ಯಾಹ್ನ ಹಾರಿದ್ರೆ, ಎಣ್ಣೆ ತೆಳ್ಳಗಾಗಿದೆಯಾ ಅಂತಲೂ ಅನುಮಾನಿಸಿ. ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್ ಲೇತ್ ಇದ್ರೆ, ಹಳೇ ಮೆಷಿನ್ ಅಂತ ಬೈಯೋದು ಆಮೇಲೆ.

ಸ್ಲೈಡ್ ತುದಿಯಲ್ಲಿ ಕಸ ಒರೆಸೋ ವೈಪರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ಹಳೇ ಎಣ್ಣೆ, ಬೀಡಿನ ಪುಡಿಯ ಕೆಸರು ತೊಳೆದು, ಚೆನ್ನಾಗಿ ಒರೆಸಿ. ಸ್ಲೈಡ್‌ವೇ 68 ಹಾಕಿ, ಈ ತುದಿಯಿಂದ ಆ ತುದಿಗೆ ಹತ್ತು ಹದಿನೈದು ಸಲ ಓಡಾಡಿಸಿ. ಗ್ರೀಸ್ ಬೇಡ, ಲೋಹದ ಚೂರು ಹಿಡ್ಕೊಂಡು ಜಾರೋ ಮೈಯನ್ನೇ ತಿನ್ನುತ್ತೆ.

ಗಿಬ್, ಅಂದ್ರೆ ಸ್ಲೈಡಿನ ಸಡಿಲ ತೆಗೆಯೋ ಪಟ್ಟಿ, ಬಿಗಿ ಮಾಡೋದು ಎಲ್ಲರ ಕೈಮದ್ದು, ಹೆಚ್ಚಾದ್ರೆ ಉಲ್ಟಾ ಹೊಡೆಯುತ್ತೆ. 0.04 ಮಿ.ಮೀ. ಫೀಲರ್, ಅಂದ್ರೆ ಸಂದು ಅಳೆಯೋ ತೆಳು ತಗಡು, ಒಳಗೆ ಆಳಕ್ಕೆ ಹೋಗದಿದ್ರೆ ಸಾಕು. ಸ್ಲೈಡ್ ಓಡಾಡೋ ದಾರಿಯ ಮಧ್ಯ ಸವೆದಿರುತ್ತೆ, ಅಲ್ಲಿ ಸೆಟ್ ಮಾಡಿದ್ರೆ ತುದಿಯಲ್ಲಿ ಸಿಕ್ಕಾಕಿಕೊಳ್ಳುತ್ತೆ. ಹೆಚ್ಚು ಬಿಗಿ ಇರೋ ಜಾಗದಲ್ಲೇ ಸೆಟ್ ಮಾಡಿ. ಆಮೇಲೆ ಸ್ಕ್ರೂ ಹಿಂದೆ ಮುಂದೆ ಸರಿಯದಂತೆ ತಡೆಯೋ ಥ್ರಸ್ಟ್ ಬೇರಿಂಗ್‌ನ ಸಡಿಲ ತೆಗೆಯಿರಿ. ಡ್ರೈವ್ ಗಟ್ಟಿಯಾದಷ್ಟು ಜಿಗಿತ ಚಿಕ್ಕದು.

ಕೂಡಲೇ ಪರೀಕ್ಷೆ ಮಾಡಬೇಡಿ. ನಿಂತಷ್ಟೂ ಕಚ್ಚು ಹೆಚ್ಚು. ರಾತ್ರಿ ಬಿಟ್ಟು, ಬೆಳಿಗ್ಗೆ ಬೇರೇನೂ ಮುಟ್ಟದೆ ಮೊದಲ ಒಂದು ಗೆರೆ ತಿರುಗಿಸಿ, ಸೂಜಿ ನೋಡಿ.